ನಾಲ್ಕು ಕೈಗಳ ಮರ: ದೊಡ್ಡ ಬೋನ್ಸಾಯ್ ಆರಿಸುವುದು, ಸಾಕುವುದು

ಬೋನ್ಸಾಯ್ ಅಂದಕೂಡಲೇ ಮೇಜಿನ ಮೇಲೆ ಕೂರುವ ಗೇಣುದ್ದದ ಗಿಡವೊಂದು ಕಣ್ಣ ಮುಂದೆ ಬರುತ್ತದೆ. ಆದರೆ ಜಪಾನಿನಲ್ಲಿ ಈ ಕೆಲಸ ಮಾಡುವವರು ಮರದ ಗಾತ್ರವನ್ನು ಕೈಗಳ ಲೆಕ್ಕದಲ್ಲಿ ಹೇಳುವ ರೂಢಿಯಿದೆ: ಕುಂಡ ಸಮೇತ ಎತ್ತಲು ಎಷ್ಟು ಕೈ ಬೇಕು? ಅಂಗೈಯಲ್ಲಿ ಕೂರುವುದು ‘ಮಾಮೆ’. ಸುಮಾರು 20 ಸೆಂ.ಮೀ.ವರೆಗಿನ, ಒಂದೇ ಕೈಗೆ ಬರುವ ಮರ ‘ಶೋಹಿನ್’. ಎರಡು ಕೈ ಬೇಕಾದರೆ ‘ಚೂಹಿನ್’. ಮುಕ್ಕಾಲು ಮೀಟರ್ ದಾಟಿ 120 ಸೆಂ.ಮೀ.ವರೆಗೆ ಬೆಳೆದದ್ದು ನಾಲ್ಕು ಕೈಗಳ ‘ಓಮೊನೊ’, ಅಂದರೆ ಇಬ್ಬರು ಹಿಡಿಯಬೇಕು. ಒಂದೂವರೆ ಮೀಟರಿನವರೆಗಿನದು ಆರು ಕೈ, ಅದಕ್ಕೂ ಮೇಲೆ ಎರಡು ಮೀಟರಿನವರೆಗಿನದು ಎಂಟು ಕೈ. ಈ ಕೊನೆಯ ವರ್ಗಕ್ಕೆ ‘ಇಂಪೀರಿಯಲ್’ ಎಂಬ ಹೆಸರು ಬಂದದ್ದು ಅಷ್ಟು ದೊಡ್ಡ ಮರಗಳು ಜಪಾನಿನ ಅರಮನೆಯ ಸಂಗ್ರಹದಲ್ಲಿ ಇರುವುದರಿಂದ. ವರ್ಗಗಳ ನಡುವಿನ ಗಡಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಸೆಂಟಿಮೀಟರಿನ ಲೆಕ್ಕಕ್ಕಿಂತ ಕೈಗಳ ಲೆಕ್ಕವೇ ಹೆಚ್ಚು ಉಪಯೋಗದ್ದು.

ಈ ಬರಹ ನಾಲ್ಕು ಕೈ ಮತ್ತು ಅದಕ್ಕಿಂತ ದೊಡ್ಡ ಮರಗಳದ್ದು. ಚಿಕ್ಕ ಬೋನ್ಸಾಯ್‌ನಲ್ಲಿ ಕಲಿತ ನಿಯಮಗಳನ್ನು ಹಿಗ್ಗಿಸಿದರೆ ದೊಡ್ಡದನ್ನು ಸಾಕಬಹುದು ಎಂದುಕೊಳ್ಳುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಗಾತ್ರ ಬದಲಾದಾಗ ನೀರು, ತೂಕ, ಕಾಂಡ, ಬೇರು ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಕೆಲವು ನಮಗೆ ಅನುಕೂಲವಾಗಿ, ಕೆಲವು ವಿರುದ್ಧವಾಗಿ.

ಎಲೆ ಕಿರಿದಾಗುತ್ತದೆ, ಹಣ್ಣು ಕಿರಿದಾಗುವುದಿಲ್ಲ

ದೊಡ್ಡ ಬೋನ್ಸಾಯ್ ಕಣ್ಣಿಗೆ ‘ನಿಜವಾದ ಮರ’ ಅನ್ನಿಸಲು ಕಾರಣ ಸರಳವಾದ ಭಾಗಾಕಾರ. ಆಲದ ಕುಲಕ್ಕೆ ಸೇರಿದ ಫೈಕಸ್ ಮೈಕ್ರೊಕಾರ್ಪ ಜಾತಿಯ ಎಲೆ ಸಹಜವಾಗಿ ಐದಾರು ಸೆಂ.ಮೀ. ಇರುತ್ತದೆ. ಸರಿಯಾಗಿ ಸವರುತ್ತ, ಒಳ್ಳೆಯ ಬಿಸಿಲು ಕೊಡುತ್ತ ಹೋದರೆ ಎರಡೂವರೆ ಸೆಂ.ಮೀ.ಗೆ ಇಳಿಸಬಹುದು. ಇಪ್ಪತ್ತು ಸೆಂ.ಮೀ. ಮರದಲ್ಲಿ ಆ ಎಲೆ ಎತ್ತರದ ಎಂಟನೇ ಒಂದು ಭಾಗ. ಎಷ್ಟೇ ಚೆನ್ನಾಗಿ ರೂಪಿಸಿದರೂ ಅದು ಗಿಡದಂತೆಯೇ ಕಾಣುತ್ತದೆ. ಒಂದು ಮೀಟರ್ ಮರದಲ್ಲಿ ಅದೇ ಎಲೆ ನಲವತ್ತನೇ ಒಂದು ಭಾಗ. ಎಲೆಗಳು ಒಂದಾಗಿ ಹಸಿರಿನ ಮೋಡಗಳಾಗುತ್ತವೆ, ಕಣ್ಣು ಎಲೆ ಬಿಟ್ಟು ಕೊಂಬೆಯ ಓಟವನ್ನು ಹಿಡಿಯುತ್ತದೆ.

ಹೂವು, ಹಣ್ಣಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಎಲೆಯನ್ನು ಕಿರಿದು ಮಾಡಬಹುದು, ಹಣ್ಣನ್ನು ಮಾಡಲಾಗದು. ದಾಳಿಂಬೆಯ ಮಾಮೂಲಿ ತಳಿಯನ್ನು ಎಷ್ಟೇ ಸಣ್ಣ ಟ್ರೇಯಲ್ಲಿ ಬೆಳೆಸಿದರೂ ಕಾಯಿ ಕಾಯಿಯಷ್ಟೇ ಇರುತ್ತದೆ. ಗೇಣುದ್ದದ ಮರಕ್ಕೆ ಅದು ಕಟ್ಟಿದ ಚೆಂಡಿನಂತೆ ಕಾಣುವುದಲ್ಲದೆ ರೆಂಬೆಯನ್ನೂ ಮುರಿಯುತ್ತದೆ. ಮೀಟರ್ ಎತ್ತರದ ಮರದಲ್ಲಿ ಎರಡು ಮೂರು ಕಾಯಿ ಬಿಟ್ಟರೆ ಚೆಂದ, ಮರಕ್ಕೂ ಭಾರವಲ್ಲ. ನಿಂಬೆ ಜಾತಿಯವು, ಹುಣಸೆ, ಬೋಗನ್‌ವಿಲ್ಲಾ ಇವೆಲ್ಲಕ್ಕೂ ದೊಡ್ಡ ಗಾತ್ರವೇ ಸರಿ ಎಂದು ಖಚಿತವಾಗಿ ಹೇಳಬಹುದು. ಹುಣಸೆಯ ಸಂಯುಕ್ತ ಎಲೆ ಉದ್ದವಾದರೂ ಕಿರುಎಲೆಗಳು ಸಣ್ಣವಾದ್ದರಿಂದ ದೊಡ್ಡ ಮರದಲ್ಲಿ ಅದು ಬಹಳ ಬೇಗ ಹಳೆಯ ಮರದ ಕಳೆ ಪಡೆಯುತ್ತದೆ.

ಇನ್ನೊಂದು ಆಕರ್ಷಣೆ ತೊಗಟೆ. ದಪ್ಪ ಕಾಂಡದ ಮೇಲಿನ ಬಿರುಕು, ಹಕ್ಕಳೆ, ಹಳೆಯ ಗಾಯದ ಸುತ್ತ ಉಬ್ಬಿದ ಅಂಚು, ಟೊಳ್ಳು, ಇವೆಲ್ಲ ವಯಸ್ಸಿನಿಂದ ಬರುವವು, ಬೆರಳು ಗಾತ್ರದ ಕಾಂಡದಲ್ಲಿ ಇವಕ್ಕೆ ಜಾಗವೇ ಇಲ್ಲ. ಆಲದಂಥ ಮರಗಳು ಬಿಳಲು ಇಳಿಸಿ ಅದು ಮಣ್ಣು ಮುಟ್ಟಿ ಕಂಬವಾಗುವ ನೋಟವೂ ದೊಡ್ಡದರಲ್ಲೇ ಅರಳುವುದು.

ಆಯುಷ್ಯದ ಮಾತು ಬಂದಾಗ ಒಂದು ಮರವನ್ನು ನೆನೆಯಲೇಬೇಕು. ವಾಷಿಂಗ್ಟನ್ನಿನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಯಮಾಕಿ ಪೈನ್ ಎಂಬ ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ರೂಪುಗೊಂಡು ಬಂದ ಮರ ಅದು. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಸುಮಾರು ಮೂರು ಕಿಲೋಮೀಟರ್ ದೂರದ ಯಮಾಕಿ ಕುಟುಂಬದ ತೋಟದಲ್ಲಿ ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಅದು ಬಾಂಬಿನಿಂದ ಉಳಿದು ಬಂದದ್ದೆಂಬ ಸಂಗತಿ ಸಂಗ್ರಹಾಲಯದವರಿಗೆ ತಿಳಿದದ್ದು 2001ರಲ್ಲಿ, ಆ ಮನೆತನದ ಮೊಮ್ಮಕ್ಕಳು ಮರ ನೋಡಲು ಬಂದಾಗ. ಕಾಲಕಾಲಕ್ಕೆ ಬೇರು ಸವರಿ ಹೊಸ ಮಣ್ಣು ಕೊಟ್ಟ ಮರ ಕುಂಡದಲ್ಲಿ ನಾಲ್ಕು ಶತಮಾನ ಬಾಳಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತೂಕದ ಲೆಕ್ಕ ಮೊದಲು ಹಾಕಿ

ರೂಢಿಯ ಅಳತೆ ಹೀಗಿದೆ: ಕುಂಡದ ಉದ್ದ ಮರದ ಎತ್ತರದ ಮೂರನೇ ಎರಡು ಭಾಗ, ಆಳ ಕಾಂಡದ ಬುಡದ ವ್ಯಾಸದಷ್ಟು. ಮರ ಒಂದು ಮೀಟರ್, ಬುಡ 16 ಸೆಂ.ಮೀ. ಎಂದುಕೊಳ್ಳೋಣ. ಕುಂಡದ ಒಳ ಅಳತೆ ಸುಮಾರು 68×48×16 ಸೆಂ.ಮೀ., ಅಂದರೆ 52 ಲೀಟರ್. ನೀರು ಕುಡಿದ ಮಣ್ಣಿನ ಮಿಶ್ರಣ ಲೀಟರಿಗೆ ಕಾಲು ಹೆಚ್ಚು ಒಂದು ಕಿಲೋ ತೂಗಿದರೂ 65 ಕಿಲೋ ಆಯಿತು. ಸುಟ್ಟ ಮಣ್ಣಿನ ಕುಂಡ 20 ಕಿಲೋ, ಮರ ಇನ್ನೊಂದು 20. ಒಟ್ಟು ನೂರು ಕಿಲೋ ದಾಟಿತು.

ಇನ್ನು ಇದೇ ಆಕಾರದ ಒಂದೂವರೆ ಮೀಟರ್ ಮರ ತಂದರೆ? ಎತ್ತರ ಒಂದೂವರೆ ಪಟ್ಟು, ಆದರೆ ಉದ್ದ, ಅಗಲ, ಆಳ ಮೂರೂ ಒಂದೂವರೆ ಪಟ್ಟಾಗುವುದರಿಂದ ತೂಕ ಸುಮಾರು ಮೂರೂಕಾಲು ಪಟ್ಟಿನ ಮೇಲೆ ಹೋಗುತ್ತದೆ: 350 ಕಿಲೋ. ‘ಸ್ವಲ್ಪ ದೊಡ್ಡದು’ ಎಂದು ಕೊಂಡ ಮರ ಮನೆಯ ಮೆಟ್ಟಿಲು ಹತ್ತದೆ ನಿಲ್ಲುವುದು ಇದರಿಂದಲೇ. ಬಾಲ್ಕನಿ, ಮಾಳಿಗೆಯಲ್ಲಿ ಇಡುವವರು ಗೋಡೆ ಅಥವಾ ತೊಲೆಯ ಮೇಲೆ ಬರುವಂತೆ ಇಡಬೇಕು. ಚಾಚಿದ ಸ್ಲ್ಯಾಬಿನ ಹೊರ ಅಂಚಿನಲ್ಲಿ ಎಂದೂ ಬೇಡ. ಆರು ಕೈ ಮೇಲಿನ ಮರವಾದರೆ ಕಟ್ಟಡದ ಎಂಜಿನಿಯರನ್ನು ಕೇಳದೆ ಮೇಲೆ ಏರಿಸಬಾರದು.

ಎತ್ತುವಾಗ ಕಾಂಡಕ್ಕೆ ಕೈ ಹಾಕಬೇಡಿ. ಭಾರವೆಲ್ಲ ಬೇರುಗಳ ಮೇಲೆ ಬಿದ್ದು ನಾರುಬೇರು ಹರಿಯುತ್ತದೆ, ಅದು ಹೊರಗೆ ಕಾಣುವುದೂ ಇಲ್ಲ. ಎರಡು ವಾರದ ಮೇಲೆ ಒಂದು ಮಗ್ಗುಲಿನ ಕೊಂಬೆ ಬಾಡಿದಾಗಷ್ಟೇ ಗೊತ್ತಾಗುತ್ತದೆ. ಕುಂಡದ ಕೆಳಗೆ ಎರಡು ಅಗಲವಾದ ಪಟ್ಟಿ ಹಾಯಿಸಿ ಇಬ್ಬರು ಎತ್ತಬೇಕು. ಸ್ಥಳಾಂತರದ ಹಿಂದಿನ ದಿನ ನೀರು ತಡೆದರೆ ತೂಕ ಒಂದಿಷ್ಟು ಕಡಿಮೆಯಾಗುತ್ತದೆ.

ಕಾಂಡ ಕುಂಡದಲ್ಲಿ ದಪ್ಪವಾಗುವುದಿಲ್ಲ

ಇದನ್ನು ಮೊದಲೇ ತಿಳಿದವರು ಹತ್ತು ವರ್ಷ ಉಳಿಸುತ್ತಾರೆ. ಕಾಂಡ ದಪ್ಪವಾಗುವುದು ಮೇಲಿನ ಎಲೆಗಳು ತಯಾರಿಸಿದ ಸಕ್ಕರೆಯಿಂದ. ಮೇಲೆ ಎಷ್ಟು ಎಲೆಯೋ ಕೆಳಗೆ ಅಷ್ಟು ಹೊಸ ಕಟ್ಟಿಗೆ. ಬೋನ್ಸಾಯ್ ಕುಂಡದಲ್ಲಿ ನಾವು ಮಾಡುವ ಕೆಲಸವೇ ಎಲೆ ಕಡಿಮೆ ಮಾಡುವುದು, ಬೇರಿಗೆ ಕಡಿವಾಣ ಹಾಕುವುದು. ಹಾಗಾಗಿ ಅಲ್ಲಿ ದಪ್ಪ ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ, ನೆಲದಲ್ಲಿ ಸ್ವತಂತ್ರವಾಗಿ ಬೆಳೆದಾಗ ಸೆಂಟಿಮೀಟರ್ ಲೆಕ್ಕದಲ್ಲಿ.

ಕಾಂಡ ಮತ್ತು ಎತ್ತರದ ಅನುಪಾತ 1:6 ಇದ್ದರೆ ಗಟ್ಟಿಮುಟ್ಟಾದ ಹಳೆಯ ಮರದಂತೆ ಕಾಣುತ್ತದೆ. 1:12 ದಾಟಿದರೆ ತೆಳ್ಳಗಿನ, ಹಗುರ ನೋಟ. ತೊಂಬತ್ತು ಸೆಂ.ಮೀ. ಮರಕ್ಕೆ 15 ಸೆಂ.ಮೀ. ಬುಡ ಬೇಕು ಅಂತಾಯಿತು. ಸಸಿಯಿಂದ ಮಾಡುವವರು ಅದನ್ನು ಮೊದಲು ನೆಲಕ್ಕೆ ಹಾಕಬೇಕು. ನೆಡುವಾಗ ತಾಯಿಬೇರು ಕತ್ತರಿಸಿ, ಬುಡದಡಿಗೆ ಒಂದು ಹಂಚು ಅಥವಾ ಚಪ್ಪಟೆ ಹಲಗೆ ಇಟ್ಟರೆ ಬೇರು ಆಳಕ್ಕಿಳಿಯದೆ ಸುತ್ತ ಹರಡುತ್ತದೆ. ಜಪಾನೀಯರು ‘ನೆಬಾರಿ’ ಎನ್ನುವ, ನೆಲವನ್ನು ಹಿಡಿದ ಬೆರಳುಗಳಂಥ ಬೇರಿನ ಹರಹು ಸಿಗುವುದು ಹೀಗೆ.

ನಂತರ ಕತ್ತರಿಯನ್ನು ಮರೆತುಬಿಡಿ. ಎರಡು ಮೂರು ಮೀಟರ್ ಎತ್ತರಕ್ಕೆ ಹೋಗಲಿ. ಬುಡ ಬೇಕಾದಷ್ಟು ದಪ್ಪವಾದಾಗ ಕಾಂಡವನ್ನು ಅಂತಿಮ ಎತ್ತರದ ಸುಮಾರು ಮೂರನೇ ಒಂದು ಭಾಗದಲ್ಲಿ, ಇಲ್ಲಿ 30 ಸೆಂ.ಮೀ. ಆಸುಪಾಸಿನಲ್ಲಿ, ಓರೆಯಾಗಿ ಕಡಿಯಬೇಕು. ಕಡಿದ ಕೆಳಗೆ ಚಿಗುರಿದವುಗಳಲ್ಲಿ ಒಂದನ್ನು ಹೊಸ ತುದಿಯಾಗಿ ಬಿಟ್ಟು, ಅದು ಕೆಳಕಾಂಡದ ಅರ್ಧಕ್ಕಿಂತ ಹೆಚ್ಚು ದಪ್ಪವಾದಾಗ ಮತ್ತೆ 15–20 ಸೆಂ.ಮೀ. ಮೇಲೆ ಕಡಿಯುವುದು. ಹೀಗೆ ಮೂರು ಸಲ ಮಾಡಿದಾಗ ಬುಡದಿಂದ ತುದಿಗೆ ಸಣ್ಣವಾಗುತ್ತ ಹೋಗುವ ಕಾಂಡ ಸಿಗುತ್ತದೆ. ಒಂದೇ ದಪ್ಪದ ಕಂಬಕ್ಕೆ ತುದಿಯಲ್ಲಿ ಕೊಂಬೆ ಬರಿಸಿ ‘ದೊಡ್ಡ ಬೋನ್ಸಾಯ್’ ಎಂದು ಮಾರುವುದುಂಟು. ಅದು ಕಡಿದ ಮರ, ಬೋನ್ಸಾಯ್ ಆಗಲು ಇನ್ನೂ ಎರಡು ಕಡಿತ ಬಾಕಿ ಇದೆ.

ಬೇಗ ಚಿಗುರುವ ಫೈಕಸ್ ಜಾತಿಗಳನ್ನು ಬೆಳವಣಿಗೆಯ ಭರದ ಕಾಲದಲ್ಲಿ ಕಡಿಯಬೇಕು. ಪೈನ್, ಜುನಿಪರ್ ಎಂಬ ಶಂಕುಧಾರಿ ಮರಗಳಿಗೆ ಈ ದಾರಿಯೇ ಸಲ್ಲದು: ಹಸಿರಿಲ್ಲದ ಹಳೆಯ ಕಟ್ಟಿಗೆಯಿಂದ ಅವು ಸಾಮಾನ್ಯವಾಗಿ ಚಿಗುರುವುದಿಲ್ಲ. ಅಲ್ಲಿ ಹಸಿರಿರುವ ಕೆಳಕೊಂಬೆಯನ್ನು ಉಳಿಸಿಕೊಂಡು ಅದನ್ನೇ ಹೊಸ ತುದಿಯಾಗಿಸಬೇಕು.

ಬೆಳೆದ ಮರ ಕೊಳ್ಳುವವರು

ಹೆಚ್ಚಿನವರು ಹೋಗುವುದು ಈ ದಾರಿಯಲ್ಲೇ, ಅದು ತಪ್ಪೂ ಅಲ್ಲ. ಮೊದಲು ಬುಡ ನೋಡಿ, ಆಮೇಲೆ ಕಾಂಡ, ಕೊನೆಗೆ ಎಲೆ. ಎಲೆ ಒಂದು ಹಂಗಾಮಿನಲ್ಲಿ ಬದಲಾಗುತ್ತದೆ, ಕೊಂಬೆ ಐದು ವರ್ಷದಲ್ಲಿ, ಬುಡ ಬದಲಾಗುವುದೇ ಇಲ್ಲ.

ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ. ಮಣ್ಣಿನಲ್ಲಿ ಬುಡ ಕದಲಿದರೆ ಮರ ಇತ್ತೀಚೆಗಷ್ಟೇ ಕುಂಡಕ್ಕೆ ಬಂದಿದೆ. ನೆಲದಿಂದ ಕಿತ್ತ ದೊಡ್ಡ ಬೊಡ್ಡೆ ತನ್ನೊಳಗೆ ಕೂಡಿಟ್ಟ ಸಕ್ಕರೆಯ ಬಲದಲ್ಲೇ ತುಂಬು ಚಿಗುರು ತೋರಿಸಬಲ್ಲದು. ಹೊಸ ಬೇರು ಹೊರಡದಿದ್ದರೆ ಎರಡು ಮೂರು ತಿಂಗಳಲ್ಲಿ ಆ ಚಿಗುರೆಲ್ಲ ಒಟ್ಟಿಗೇ ಬಾಡುತ್ತದೆ. ಹಾಗಾಗಿ ಕುಂಡದಲ್ಲಿ ಒಂದು ಪೂರ್ತಿ ವರ್ಷ ಕಳೆದದ್ದೇ ಕೇಳಿ. ಮೇಲಿನ ಜಲ್ಲಿಕಲ್ಲುಗಳನ್ನು ಅಂಟಿನಿಂದ ಕೂಡಿಸಿದ್ದರೆ ನೀರು ಒಳಗಿಳಿಯದು, ಕೊಂಡ ದಿನವೇ ಒಡೆದು ತೆಗೆಯಬೇಕು. ಹಿಂಬದಿಯ ಕಡಿತದ ಗಾಯವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಕೊಳೆತ ಒಳಗೆ ಸಾಗಿದೆ. ಕಾಂಡ ಮೇಲಕ್ಕೆ ಹೋದಂತೆ ಒಂದೆಡೆ ಮತ್ತೆ ದಪ್ಪವಾಗಿದ್ದರೆ, ಒಂದೇ ಗಿಣ್ಣಿನಲ್ಲಿ ಹಲವು ಕೊಂಬೆ ಬಿಟ್ಟಿರುವುದು ಅಥವಾ ಕಸಿ ಗಂಟು ಕಾರಣ. ಈ ದೋಷ ವರ್ಷ ಕಳೆದಂತೆ ಹೆಚ್ಚುತ್ತದೆಯೇ ಹೊರತು ಕರಗದು. ಕಾಡಿನ, ಬಂಡೆಯ ಮರ ಕಿತ್ತು ತಂದದ್ದಾದರೆ ಅದಕ್ಕೆ ಅನುಮತಿ ಇತ್ತೇ ಎಂದು ಕೇಳುವುದು ಕೊಳ್ಳುವವರ ಕೆಲಸ.

ಒಳಗೋ, ಹೊರಗೋ

ಬೋನ್ಸಾಯ್ ಹೊರಗಿನ ಮರ. ಮನೆಯೊಳಗೆ ಬಾಳುವುದು ಬೆಚ್ಚನೆಯ ನಾಡಿನ, ಕಡಿಮೆ ಬೆಳಕನ್ನು ತಾಳುವ ಕೆಲವೇ ಜಾತಿಗಳು: ಫೈಕಸ್ ಮೈಕ್ರೊಕಾರ್ಪ, ಫೈಕಸ್ ಬೆಂಜಮಿನಾ, ಷೆಫ್ಲೆರಾ, ದೊಡ್ಡ ಕಿಟಕಿಯ ಬಿಸಿಲು ಸಿಕ್ಕರೆ ರಸತುಂಬಿದ ಎಲೆಯ ಪೋರ್ಚುಲಕೇರಿಯಾ. ಜುನಿಪರ್, ಪೈನ್, ಆಲಿವ್, ಹುಣಸೆ, ಬೋಗನ್‌ವಿಲ್ಲಾಗಳಿಗೆ ನೇರ ಬಿಸಿಲು ಬೇಕೇಬೇಕು. ಜುನಿಪರ್ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಬೇರು ಸತ್ತ ಮೇಲೂ ಅದರ ಹಸಿರು ವಾರಗಟ್ಟಲೆ ಉಳಿಯುತ್ತದೆ, ‘ಒಳಗೆ ಚೆನ್ನಾಗಿಯೇ ಇದೆ’ ಅನ್ನಿಸುತ್ತದೆ. ಕಂದು ಬಣ್ಣ ಕಾಣುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಮೇಪಲ್, ಲಾರ್ಚ್‌ನಂಥ ಚಳಿನಾಡಿನ ಮರಗಳಿಗೆ ವರ್ಷಕ್ಕೊಮ್ಮೆ ನಿದ್ದೆಗೆ ಹೋಗುವಷ್ಟು ನಿಜವಾದ ಚಳಿಗಾಲ ಬೇಕು, ಬೆಚ್ಚನೆಯ ಹವೆಯಲ್ಲಿ ಅವು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ.

ದೊಡ್ಡ ಮರವನ್ನು ಒಳಗಿಟ್ಟಾಗ ಇನ್ನೊಂದು ತೊಡಕಿದೆ. ಮೀಟರ್ ಅಗಲದ ಎಲೆ-ಕೊಂಬೆಗಳ ಹಂದರದಲ್ಲಿ ಕಿಟಕಿಯ ಕಡೆಯ ಎಲೆಗೂ ಗೋಡೆಯ ಕಡೆಯ ಎಲೆಗೂ ಸಿಗುವ ಬೆಳಕು ಒಂದೇ ಅಲ್ಲ, ಕಿಟಕಿಯಿಂದ ಸ್ವಲ್ಪ ದೂರ ಸರಿದರೂ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಿಂದಿನ ಕೊಂಬೆಗಳು ಬೋಳಾಗುತ್ತವೆ. ಚಕ್ರವಿರುವ ಗಟ್ಟಿ ಪೀಠದ ಮೇಲಿಟ್ಟು ಎರಡು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಕುಂಡದ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಟ್ಟರೆ ಲೆಕ್ಕ ತಪ್ಪದು.

ಫೈಕಸ್ ಮನೆಗೆ ಬಂದ ಎರಡು ಮೂರು ವಾರದಲ್ಲಿ ರಾಶಿ ಎಲೆ ಉದುರಿಸುತ್ತದೆ. ಹೊಸ ಬೆಳಕಿಗೆ ಒಗ್ಗುವ ರೀತಿ ಅದು. ಗಾಬರಿಯಾಗಿ ಹೆಚ್ಚು ನೀರು ಹಾಕುವುದೇ ಇಲ್ಲಿನ ದೊಡ್ಡ ತಪ್ಪು: ಎಲೆ ಕಡಿಮೆಯಾದಾಗ ಮರ ಕುಡಿಯುವುದೂ ಕಡಿಮೆ, ಉಳಿದ ನೀರಿನಲ್ಲಿ ಬೇರು ಕೊಳೆಯುತ್ತದೆ.

ನೀರು: ದೊಡ್ಡ ಕುಂಡದ ಉಪಕಾರ, ಒಣಗಿದ ಗರ್ಭದ ಅಪಾಯ

ದೊಡ್ಡ ಕುಂಡ ನೀರಿನ ವಿಷಯದಲ್ಲಿ ದಯಾಳು. 10 ಸೆಂ.ಮೀ. ಘನದ ಕುಂಡದಲ್ಲಿ ಒಂದು ಲೀಟರ್ ಮಣ್ಣಿಗೆ 600 ಚದರ ಸೆಂ.ಮೀ. ಹೊರಮೈ, 40 ಸೆಂ.ಮೀ. ಘನದಲ್ಲಿ ಲೀಟರಿಗೆ 150 ಮಾತ್ರ. ಕಾದು ಬಿಸಿಯಾಗುವುದು, ಆರುವುದು ಎರಡೂ ನಿಧಾನ. ಚಿಕ್ಕ ಬೋನ್ಸಾಯ್ ಕಡು ಬೇಸಗೆಯ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ದೊಡ್ಡದು ಒಂದು ದಿನದ ಮರೆವನ್ನು ತಾಳಿಕೊಳ್ಳುತ್ತದೆ.

ಆಳದಿಂದಲೂ ಒಂದು ಲಾಭವಿದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿಯಿರಿ. ಹನಿ ನಿಂತ ಮೇಲೆ ಹಿಂಡದೆ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯತೊಡಗುತ್ತದೆ. ಪ್ರತಿ ಕುಂಡದ ತಳದಲ್ಲೂ ಹೀಗೆ ಇಳಿದುಹೋಗದೆ ನಿಲ್ಲುವ ನೀರಿನ ಪದರವೊಂದಿರುತ್ತದೆ. ಅದರ ದಪ್ಪ ಮಿಶ್ರಣದ ಹರಳಿನ ಗಾತ್ರವನ್ನು ಅವಲಂಬಿಸಿದೆ, ಕುಂಡದ ಆಳವನ್ನಲ್ಲ. ಮೂರು ಸೆಂ.ಮೀ. ಪದರವಿದ್ದರೆ ಆರು ಸೆಂ.ಮೀ. ಟ್ರೇಯಲ್ಲಿ ಅರ್ಧ ಬೇರು ಕೆಸರಿನಲ್ಲಿ, 16 ಸೆಂ.ಮೀ. ಕುಂಡದಲ್ಲಿ ಐದನೇ ಒಂದು ಭಾಗವಷ್ಟೇ.

ಆದರೆ ಹಳೆಯ ದೊಡ್ಡ ಮರದಲ್ಲಿ ಬೇರೆ ಕೇಡು ಕಾದಿರುತ್ತದೆ. ವರ್ಷಗಟ್ಟಲೆ ಮಣ್ಣು ಬದಲಿಸದ ಬೇರಿನ ಗಡ್ಡೆ ನಡುವೆ ಬಿಗಿದು ಒಮ್ಮೆ ಒಣಗಿದರೆ ನೀರನ್ನು ಮತ್ತೆ ಹೀರುವುದಿಲ್ಲ. ಮೇಲೆ ಸುರಿದ ನೀರು ಕುಂಡದ ಗೋಡೆಗುಂಟ ಇಳಿದು ತೂತಿನಿಂದ ಹರಿಯುತ್ತದೆ, ನೋಡುವವರಿಗೆ ತೃಪ್ತಿ, ಬುಡದಡಿಯ ಗರ್ಭ ಮಾತ್ರ ಬೂದಿಯಂತೆ ಒಣ. ತುದಿಯ ಕೊಂಬೆಗಳು ಒಂದೊಂದಾಗಿ ಸಾಯಲು ಇದೇ ಮುಖ್ಯ ಕಾರಣ. ಪರೀಕ್ಷೆಗೆ ಬಿದಿರಿನ ಕಡ್ಡಿಯೊಂದನ್ನು ಬುಡದ ಹತ್ತಿರ ಎಂಟು ಹತ್ತು ಸೆಂ.ಮೀ. ಆಳ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಬಣ್ಣ ಗಾಢವಾಗಿ ತಂಪಾಗಿದ್ದರೆ ನೀರು ಬೇಡ. ಗರ್ಭ ಒಣಗಿದ್ದರೆ ಐದೈದು ಸೆಂ.ಮೀ.ಗೆ ಒಂದರಂತೆ ಕಡ್ಡಿಯಿಂದ ತೂತು ಹಾಕಿ, ಹತ್ತು ನಿಮಿಷದ ಅಂತರದಲ್ಲಿ ಮೂರು ನಾಲ್ಕು ಸಲ ನಿಧಾನವಾಗಿ ನೀರುಣಿಸಿ.

ಮಾಮೂಲಿ ದಿನದಲ್ಲೂ ಒಂದೇ ಬಾರಿಗೆ ಸುರಿಯದೆ ಎರಡು ಸುತ್ತು ಹಾಕುವುದು ಒಳ್ಳೆಯದು. ಮೊದಲ ಸುತ್ತು ಹರಳನ್ನು ನೆನೆಸುತ್ತದೆ, ಎರಡನೆಯದು ತುಂಬುತ್ತದೆ. ತಳದ ಎಲ್ಲ ತೂತುಗಳಿಂದಲೂ ಹರಿಯಬೇಕು. ಒಂದರಿಂದ ಬಾರದಿದ್ದರೆ ಅಲ್ಲಿ ಬೇರು ಮುಚ್ಚಿದೆ. ನಮ್ಮ 52 ಲೀಟರ್ ಕುಂಡ ತುಂಬಿದಾಗ 15 ಲೀಟರಿಗಿಂತ ಹೆಚ್ಚು ನೀರು ಹಿಡಿದಿರುತ್ತದೆ, ಆದ್ದರಿಂದ ಮಗ್ಗಿನಲ್ಲಿ ಒಂದೆರಡು ಸಲ ಚಿಮುಕಿಸುವುದು ಕೇವಲ ಮೇಲ್ಪದರದ ಸಮಾಧಾನ.

ಕುಂಡ ಬದಲಿಸುವ ದಿನ

ಫೈಕಸ್‌ಗೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, ಹಳೆಯ ಪೈನ್‌ಗೆ ಐದು ವರ್ಷಕ್ಕೊಮ್ಮೆ. ಕ್ಯಾಲೆಂಡರಿಗಿಂತ ನೀರನ್ನು ನಂಬಿ: ಹಾಕಿದ ನೀರು ಮೇಲೆ ಕೆರೆಯಂತೆ ನಿಂತು ಇಳಿಯಲು ನಿಮಿಷ ಹಿಡಿದರೆ ಕಾಲ ಬಂದಿದೆ. ಎಲೆ ಉದುರಿಸುವ ಮರಗಳಿಗೂ ಪೈನ್‌ಗೂ ಮೊಗ್ಗು ಊದಿಕೊಂಡು ಇನ್ನೂ ಬಿಚ್ಚದ ಹೊತ್ತು, ಫೈಕಸ್‌ಗೆ ಬೆಚ್ಚನೆಯ ಬೆಳವಣಿಗೆಯ ಕಾಲ ಸರಿ.

ಮಿಶ್ರಣಕ್ಕೆ ಸುಟ್ಟ ಜೇಡಿಯ ಹರಳು ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು ಎರಡು ಭಾಗ, ಪ್ಯೂಮಿಸ್ (ಹಗುರವಾದ, ತೂತುತೂತಿನ ಜ್ವಾಲಾಮುಖಿ ಕಲ್ಲು) ಅಥವಾ ಲಾವಾ ಕಲ್ಲು ಒಂದು ಭಾಗ, ಕಳಿತ ಎಲೆಗೊಬ್ಬರ ಅರ್ಧದಿಂದ ಒಂದು ಭಾಗ. ಪೈನ್, ಜುನಿಪರ್‌ಗೆ ಗೊಬ್ಬರದ ಪಾಲು ಬಿಟ್ಟರೂ ಸರಿ. ಹರಳು 4ರಿಂದ 8 ಮಿ.ಮೀ. ಇರಲಿ, ಜರಡಿ ಹಿಡಿದು 2 ಮಿ.ಮೀ.ಗಿಂತ ಸಣ್ಣ ದೂಳೆಲ್ಲ ತೆಗೆಯಬೇಕು. ಬೇಸರದ ಕೆಲಸವೆಂದು ಬಿಟ್ಟರೆ ಅದೇ ದೂಳು ತಳಕ್ಕಿಳಿದು ವರ್ಷದೊಳಗೆ ಕೆಸರಾಗುತ್ತದೆ.

ಮೊದಲು ಹೊಸ ಕುಂಡ ಸಿದ್ಧವಾಗಲಿ: ತೂತಿಗೆ ಜಾಲರಿ, ಅದರ ಮೂಲಕ ಮೇಲೆ ಬರುವಂತೆ ನಾಲ್ಕು ತಂತಿ, ನಡುವೆ ಮಿಶ್ರಣದ ಸಣ್ಣ ದಿಬ್ಬ. ಆಮೇಲೆ ಹಳೆಯ ಕುಂಡದ ಗೋಡೆಗುಂಟ ಉದ್ದನೆಯ ಗರಗಸ ಆಡಿಸಿ ಗಡ್ಡೆಯನ್ನು ಬಿಡಿಸಿ, ಮರ ವಾಲಿಸಿ ಹೊರತೆಗೆಯಿರಿ. ಹೊರಗಿನ ಮೈ ಚಾಪೆ ಹೆಣೆದಂತೆ ಬೇರು ಸುತ್ತಿಕೊಂಡಿರುತ್ತದೆ. ಬೇರಿನ ಕೊಕ್ಕೆಯಿಂದ ಅಂಚಿನಿಂದ ಒಳಕ್ಕಲ್ಲ, ಬುಡದಿಂದ ಹೊರಕ್ಕೆ ಕೂದಲು ಬಾಚುವಂತೆ ಬಾಚಿ. ಬೆಳ್ಳಗೆ ಅಥವಾ ತಿಳಿಕಂದಾಗಿ ಬಿಗಿಯಾಗಿರುವ ಬೇರು ಜೀವಂತ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಒಳಗೆ ದಾರ ಉಳಿದರೆ ಕೊಳೆತದ್ದು. ಅದು ಹೆಚ್ಚಿರುವ ಕಡೆ ಮೂಗಿಗೆ ಚರಂಡಿಯ ವಾಸನೆ ಬರುತ್ತದೆ, ಅಲ್ಲಿ ನೀರು ನಿಲ್ಲುತ್ತಿತ್ತು ಎಂದರ್ಥ. ತಳದ ದಪ್ಪ ಬೇರು ಕತ್ತರಿಸಿ, ನಾರುಬೇರು ಉಳಿಸಿ. ಒಟ್ಟು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹಳೆಯ ಪೈನ್ ಆದರೆ ಗಡ್ಡೆಯ ಅರ್ಧ ಮಗ್ಗುಲನ್ನು ಈ ಸಲ, ಇನ್ನರ್ಧವನ್ನು ಮುಂದಿನ ಸಲ ಬಿಡಿಸುವುದು ಸುರಕ್ಷಿತ.

ದಿಬ್ಬದ ಮೇಲೆ ಮರ ಕೂರಿಸಿ ಒತ್ತಿ ತಿರುಗಿಸಿ. ಬುಡದಡಿ ಗಾಳಿಯ ಗೂಡು ಉಳಿಯಬಾರದು. ತಂತಿಗಳನ್ನು ಬೇರಿನ ಮೇಲೆ ಹಾಯಿಸಿ, ತಂತಿ ಮತ್ತು ಬೇರಿನ ನಡುವೆ ರಬ್ಬರ್ ತುಂಡಿಟ್ಟು ಬಿಗಿಯಿರಿ. ಕಾಂಡ ಹಿಡಿದು ಅಲ್ಲಾಡಿಸಿದರೆ ಕುಂಡವೂ ಜೊತೆಗೆ ಅಲುಗಬೇಕು, ಅಷ್ಟು ಬಿಗಿ. ಇದನ್ನು ಅಲಕ್ಷಿಸುವುದರಿಂದ ಸಾಯುವ ದೊಡ್ಡ ಮರಗಳು ಬಹಳ. ಮೀಟರ್ ಅಗಲದ ಹಂದರ ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ, ಬುಡ ಒಂದಿಷ್ಟು ತೂಗಿದರೂ ಹೊಸದಾಗಿ ಹೊರಟ ಬೇರುತುದಿಗಳು ದಿನವೂ ಹರಿಯುತ್ತವೆ. ಮಿಶ್ರಣ ಸುರಿದು ಕಡ್ಡಿಯಿಂದ ಕುಟ್ಟದೆ, ಅಲುಗಿಸುತ್ತ ಸಂದುಗಳಿಗೆ ಇಳಿಸಿ. ತಳದಿಂದ ಬರುವ ನೀರು ತಿಳಿಯಾಗುವವರೆಗೂ ಹಾಕಿ, ಮೂರು ವಾರ ಗಾಳಿಯಿಲ್ಲದ ಅರೆನೆರಳು. ಗೊಬ್ಬರ ನಾಲ್ಕರಿಂದ ಆರು ವಾರದ ನಂತರ.

ಕತ್ತರಿ ಮತ್ತು ತಂತಿ

ಮರದ ಸ್ವಭಾವವೇ ತುದಿಗೆ ಬಲ ಕೊಡುವುದು. ಎಲ್ಲ ಕಡೆ ಒಂದೇ ಸಮ ಕತ್ತರಿಸಿದರೆ ಮೇಲ್ಭಾಗ ದಟ್ಟವಾಗಿ ಕೆಳಕೊಂಬೆಗಳು ನೆರಳಿನಲ್ಲಿ ಕೃಶವಾಗುತ್ತವೆ, ಕೆಳಗಿನದು ಒಮ್ಮೆ ಸತ್ತರೆ ಆ ಜಾಗಕ್ಕೆ ಮತ್ತೆ ಬರುವುದು ಕಷ್ಟ. ಮೇಲೆ ಕಠಿಣ, ನಡುವೆ ಮಧ್ಯಮ, ಕೆಳಗೆ ಬಹಳ ಕಡಿಮೆ. ಫೈಕಸ್‌ನಲ್ಲಿ ಕುಡಿ ಆರೆಂಟು ಎಲೆ ಬಿಟ್ಟಾಗ ಎರಡಕ್ಕೆ ಇಳಿಸಿ. ಕೆಳಕೊಂಬೆ ದಪ್ಪವಾಗಬೇಕಿದ್ದರೆ ಅದನ್ನು ಮುಟ್ಟದೆ ಉದ್ದ ಬಿಡಿ. ಒಸರುವ ಹಾಲು ಚರ್ಮ, ಕಣ್ಣಿಗೆ ಉರಿ ತರುತ್ತದೆ, ಸಾಕುಪ್ರಾಣಿಗಳ ಹೊಟ್ಟೆಗೂ ಆಗದು. ಒದ್ದೆ ಬಟ್ಟೆಯಿಂದ ಒರೆಸಿ.

ತಂತಿ ಕೊಂಬೆಯ ದಪ್ಪದ ಮೂರನೇ ಒಂದರಷ್ಟಿರಲಿ, 45 ಡಿಗ್ರಿ ಓರೆಯಲ್ಲಿ ಸುತ್ತಿ. ಅಲ್ಯುಮಿನಿಯಂ ತಂತಿ 6 ಮಿ.ಮೀ.ವರೆಗೆ ಸಿಗುತ್ತದೆ, ಅದು ಎರಡು ಸೆಂ.ಮೀ. ಕೊಂಬೆಗೆ ಸಾಕು. ದೊಡ್ಡ ಮರದಲ್ಲಿ ಅದಕ್ಕಿಂತ ದಪ್ಪದವೇ ಹೆಚ್ಚು, ಅವಕ್ಕೆ ಎಳೆತಂತಿ: ಕೊಂಬೆಗೆ ರಬ್ಬರ್ ಸುತ್ತಿ ಕೊಕ್ಕೆ ಹಾಕಿ, ತಂತಿಯ ಇನ್ನೊಂದು ತುದಿಯನ್ನು ಕುಂಡಕ್ಕೋ ದಪ್ಪ ಬೇರಿಗೋ ಬಿಗಿದು, ವಾರಕ್ಕೊಮ್ಮೆ ಒಂದಿಷ್ಟು ತಿರುಚುತ್ತ ಇಳಿಸುವುದು. ಒಂದೇ ದಿನಕ್ಕೆ ಎಳೆದರೆ ಕಂಕುಳಲ್ಲಿ ಸೀಳುತ್ತದೆ. ಸುತ್ತಿದ ತಂತಿಯನ್ನು ಬೆಳವಣಿಗೆಯ ಕಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿ. ತೊಗಟೆ ತಂತಿಯನ್ನು ನುಂಗತೊಡಗಿದರೆ ಬಿಚ್ಚದೆ ಅಲ್ಲಲ್ಲೇ ತುಂಡರಿಸಿ ತೆಗೆಯಿರಿ, ಸುರುಳಿ ಬಿಚ್ಚಲು ಹೋದಾಗಲೇ ಮೊಗ್ಗು ಮುರಿಯುವುದು.

ಪೂರ್ತಿ ಎಲೆ ಕಿತ್ತು ಸಣ್ಣೆಲೆ ಬರಿಸುವ ಉಪಾಯ ಫೈಕಸ್‌ನಂಥ ಬಲವಾದ ಮರಕ್ಕೆ ಮಾತ್ರ, ಅದೂ ಕುಂಡ ಬದಲಿಸದ ವರ್ಷ. ಪೈನ್, ಜುನಿಪರ್‌ಗೆ ಅದು ಮರಣದಂಡನೆ.

ನಿಲ್ಲಿಸುವ ಜಾಗ

ಕಾಂಡದ ನಡುಭಾಗ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು. ಒಂದು ಮೀಟರ್ ಮರಕ್ಕೆ ಮುಕ್ಕಾಲರಿಂದ ಒಂದು ಮೀಟರ್ ಎತ್ತರದ ಕಟ್ಟೆ, ಕುಳಿತು ನೋಡುವ ಜಾಗವಾದರೆ ಅದರರ್ಧ. ಮರದ ಎತ್ತರದ ಎರಡೂವರೆ ಮೂರು ಪಟ್ಟು ದೂರದಿಂದ ಪೂರ್ತಿ ಆಕಾರ ಒಂದೇ ನೋಟಕ್ಕೆ ಸಿಗುತ್ತದೆ, ಅಷ್ಟು ಜಾಗವಿಲ್ಲದ ಮೂಲೆಯಲ್ಲಿ ಇಂಥ ಮರ ಇಕ್ಕಟ್ಟಾಗಿಯೇ ಕಾಣುತ್ತದೆ. ಹಿಂದೆ ಬಣ್ಣಬಣ್ಣದ ಹೂಗಿಡ ಬೇಡ. ಸಾದಾ ಗೋಡೆ, ಬಿದಿರಿನ ತಟ್ಟಿ ಸಾಕು. ಸುಣ್ಣದ ಬಿಳಿಗೋಡೆ ಬಿಸಿಲನ್ನು ಎಲೆಯ ಹಿಂಬದಿಗೆ ಎರಚುವುದರಿಂದ ಅರ್ಧ ಮೀಟರ್ ದೂರವಿಡಿ.

ಕುಂಡವನ್ನು ಕಟ್ಟೆಗೆ ಎರಡು ಕಡೆ ತಂತಿಯಿಂದ ಬಿಗಿಯುವುದನ್ನು ಗಾಳಿಯ ಹಂಗಾಮಿಗೆ ಮುಂಚೆಯೇ ಮಾಡಿ. ತೋಟದಲ್ಲಿ ನೇರ ನೆಲದ ಮೇಲೆ ಇಡಲೇಬೇಡಿ. ತೂತಿನಿಂದ ಒಂದೇ ಒಂದು ಬೇರು ನೆಲಕ್ಕಿಳಿದರೂ ಮರಕ್ಕೆ ಹೊಸ ಶಕ್ತಿ ಸಿಕ್ಕಿ ತುದಿಯಲ್ಲಿ ಮಾರುದ್ದದ ಕುಡಿಗಳು, ಅಂಗೈ ಅಗಲದ ಎಲೆಗಳು ಬರುತ್ತವೆ. ನೋಡುವವರು ಗೊಬ್ಬರ ಹಿಡಿಯಿತು ಎಂದು ಸಂತೋಷಪಡುತ್ತಾರೆ. ಒಂದೆರಡು ಹಂಗಾಮಿನಲ್ಲಿ ಆ ಬೇರು ಹೆಬ್ಬೆರಳಿನ ದಪ್ಪವಾಗಿ ತೂತನ್ನು ಮುಚ್ಚುತ್ತದೆ, ಕೆಲವೊಮ್ಮೆ ಕುಂಡವನ್ನೂ ಸೀಳುತ್ತದೆ, ಕುಂಡದೊಳಗಿನ ನಾರುಬೇರು ಕೆಲಸವಿಲ್ಲದೆ ಸೊರಗಿರುತ್ತದೆ. ಆಗ ಅದನ್ನು ಒಮ್ಮೆಲೇ ಕಡಿದರೆ ಮರ ಬಾಡುತ್ತದೆ. ಮೊದಲು ಹಂದರವನ್ನು ಅರ್ಧದಷ್ಟು ಸವರಿ, ಬೇರನ್ನು ಅರ್ಧ ದಪ್ಪಕ್ಕೆ ಕೊಯ್ದು, ತಿಂಗಳು ಬಿಟ್ಟು ಪೂರ್ತಿ ಕತ್ತರಿಸಿ, ಕುಂಡವನ್ನು ಕಲ್ಲಿನ ಮೇಲೆ ಎತ್ತಿಡಿ.